ಆಕಾಶದಿಂದ ಗಿಡ ನೋಡುವ ಭಾವ

ನಮ್ಮ ಭಾವನ ಕಣ್ಣಿನಷ್ಟು ಚುರುಕಾದ ಕಣ್ಣು ಇಡೀ ಸೇಡಂ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಉತ್ತರ ಧ್ರುವದ ಹತ್ತಿರದ ಕಾಡಿನಲ್ಲಿ ಯಾವ ಮರಕ್ಕೆ ಕಾಯಿಲೆ ಎಂಬುದನ್ನು ಸೇಡಂನ ಮನೆಯಲ್ಲಿ ಕುಳಿತೇ ಹೇಳುತ್ತಾರೆ. ಎದುರಿಗೆ ನಿಂತ ಮನುಷ್ಯರು ಮಾತ್ರ ಕಾಣುವುದಿಲ್ಲ!

ಸುಳ್ಳಲ್ಲ, ಅವರ ನೌಕರಿಯೇ ಅದು. ಆ ಹಿಮದ ನಾಡಿನಲ್ಲಿ ವಿಮಾನಗಳು ಕಾಡಿನ ಮೇಲೆ ಹಾರುತ್ತಾ ಚಿತ್ರ ತೆಗೆಯುತ್ತವೆ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಹಿಡಿಯುವ ಕ್ಯಾಮೆರಾ ಅಂತೆ! ಎಲೆ ಹಸಿರಾಗಿದ್ದಾಗಲೇ ಒಳಗೆ ಮರ ಸೊರಗುತ್ತಿರುವುದು ಅದರಲ್ಲಿ ತಿಳಿಯುತ್ತದೆ. ಆ ಚಿತ್ರಗಳು ಹೈದರಾಬಾದಿನ ಕಚೇರಿಯಿಂದ ಭಾವನ ಕಂಪ್ಯೂಟರಿಗೆ ಬರುತ್ತವೆ. ಬಂದವೆಂದರೆ ಮುಗಿಯಿತು, ಮನೆಗೆ ನೆಂಟರು ಬಂದರೇನು, ಬೆಂಕಿ ಬಿದ್ದರೇನು?

ಒಂದು ಮೇ ತಿಂಗಳ ಮಧ್ಯಾಹ್ನ ಅವರು ‘ಅಯ್ಯೋ’ ಎಂದು ಕೂಗಿದರು. ಅಕ್ಕ ಅಡುಗೆಮನೆಯಿಂದ ಓಡಿಬಂದಳು.

“ಏನಾತ್ರೀ?”

“ನೆಲ ಕರಗಲಿಕತ್ತದ!”

ಅಕ್ಕ ಗಾಬರಿಯಿಂದ ಕಾಲಡಿಯ ಪರ್ಸಿಕಲ್ಲಿನ ನೆಲ ನೋಡಿಕೊಂಡಳು.

“ಇಲ್ಲಲ್ಲ, ಅಲ್ಲಿ! ಸಾವಿರಾರು ವರ್ಷ ಹೆಪ್ಪುಗಟ್ಟಿ ಬರ್ಫ ಆಗಿದ್ದ ನೆಲ. ಗಿಡ ಎಲ್ಲಾ ಕುಡದೋರಂಗ ವಾಲ್ಯಾವ.”

“ಹಂಗಾದ್ರ ಅವಕ್ಕ ಮಜ್ಜಿಗಿ ಕುಡಸ್ರಿ,” ಎಂದು ಅಕ್ಕ ಒಳಗೆ ಹೋದಳು.

ಅದೇ ತಿಂಗಳು ಕಾಳಗಿಯಲ್ಲಿ ಬಂಧುಗಳ ಮದುವೆ. ಫೋಟೋದವನು ಡ್ರೋನ್ ಹಾರಿಸಿದ್ದ. ಭಾವ ಅವನ ಕೈಯಿಂದ ರಿಮೋಟ್ ಕಸಿದುಕೊಂಡೇಬಿಟ್ಟರು. ಊಟವಾದ ಮೇಲೆ ಅಲ್ಲೇ ವಿಡಿಯೋ ನೋಡಿದರೆ ಅಕ್ಷತೆ ಬಿದ್ದ ಹೊತ್ತಿನಲ್ಲೆಲ್ಲ ಬರೀ ಹುಣಸೆಮರದ ನೆತ್ತಿ!

“ನನ್ನ ಮಗಳು ಎಲ್ಲಿ ಅದಾಳ್ರೀ?” ಎಂದರು ಹುಡುಗಿಯ ಅಪ್ಪ.

“ಆ ಗಿಡದ ಕೆಳಗೇ ಅದಾಳ. ಆದ್ರ ಗಿಡಕ್ಕ ಆರಾಮಿಲ್ಲ ನೋಡ್ರಿ.”

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕ. ನಗುತ್ತಲೇ ಚಪ್ಪರದ ಕಂಬ ಹಿಡಿದು ಕುಸಿದು ಕುಳಿತಳು. ನಗು ತಡೆಯಲಾಗದೆ ಕುಳಿತಳು ಎಂದುಕೊಂಡೆವು.

ಹದಿನೈದು ದಿನದ ಮೇಲೆ ಅವಳನ್ನು ಕಲಬುರಗಿಯ ದವಾಖಾನೆಗೆ ಎತ್ತಿಕೊಂಡೇ ಒಯ್ಯಬೇಕಾಯಿತು. ಡಾಕ್ಟರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, “ಮೈಯಾಗ ರಕ್ತನೇ ಇಲ್ಲಲ್ರೀ! ಇಷ್ಟ ದಿನ ಮನ್ಯಾಗ ಯಾರೂ ಇವರ ಮುಖ ನೋಡಿಲ್ಲೇನು?” ಎಂದರು. ರಕ್ತದ ಕ್ಯಾನ್ಸರು. ನಾಲ್ಕು ತಿಂಗಳೂ ಅವಳು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ದಿನ ಅಂಗಳದ ತುಂಬ ಜನರಿದ್ದರು. ಅವರೆದುರಿಗೇ ಅಂದೆ: “ಗಿಡದ ಬೇಮಾರಿ ಎಲ್ಲಾ ಗೊತ್ತಾಗ್ತದ ನಿಮಗ. ನಮ್ಮಕ್ಕ ಗಿಡ ಆಗಿ ಹುಟ್ಟಬೇಕಿತ್ತು, ಭಾವಾ.”

ಆಮೇಲೆ ಒಂದೂವರೆ ವರ್ಷ ನಾನು ಅವರ ಫೋನ್ ಎತ್ತಲಿಲ್ಲ.

ಹೋದ ತಿಂಗಳು ವಾಡಿಯ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿದ್ದರು. ಹೊಸ್ತಿಲ ಮೇಲೆಯೇ ನಿಂತು ನನ್ನನ್ನು ದಿಟ್ಟಿಸತೊಡಗಿದರು. ಹೀಗೂ ಯಾರಾದರೂ ಬರುವುದುಂಟೇ!

“ಏನ್ ನೋಡಲಿಕತ್ತೀರಿ?” ಎಂದೆ ಸಿಡುಕಿ.

“ಬೆಳಕಿಗೆ ಬಾ.” ಕಿಟಕಿಯ ಹತ್ತಿರ ನಿಲ್ಲಿಸಿದರು. “ತುಟಿ ಬೆಳ್ಳಗಾಗ್ಯಾವ. ಮೆಟ್ಟಿಲ ಹತ್ತೋ ಮುಂದ ದಮ್ಮ ಬರ್ತದೇನು?”

ಬರುತ್ತಿತ್ತು, ಎರಡು ತಿಂಗಳಿಂದ. ನಾನು ಯಾರಿಗೂ ಹೇಳಿರಲಿಲ್ಲ. ದಿನವೂ ಮನೆಯ ನಾಲ್ಕು ಜನಕ್ಕೆ ಬಡಿಸುತ್ತಿದ್ದೆ, ನಾಲ್ವರಲ್ಲಿ ಒಬ್ಬರೂ ಕೇಳಿರಲಿಲ್ಲ.

“ಚಪ್ಪಲ್ ಹಾಕ್ಕೋ. ಕಲಬುರಗಿಗೆ ಗಾಡಿ ಅದ.”

ಸಂಜೆ ರಿಪೋರ್ಟ್ ಬಂತು. ದವಾಖಾನೆಯ ಬೆಂಚಿನ ಮೇಲೆ ಕುಳಿತ ಭಾವ ಅದನ್ನು ಮೂರು ಸಲ ಓದಿದರು.

“ಬರೀ ರಕ್ತ ಕಡಿಮಿ ಅದಂತ. ಗುಳಿಗಿ ಸಾಕಂತ,” ಎಂದವರು ಅಷ್ಟು ಜನರ ನಡುವೆ ಗೊಳೋ ಎಂದು ಅತ್ತುಬಿಟ್ಟರು.

ನಾನು ಅವರೆದುರು ನಿಂತೇ ಇದ್ದೆ. ಅಂದು ಅಂಗಳದಲ್ಲಿ ಅಷ್ಟು ಸಲೀಸಾಗಿ ಆಡಿದ ಮಾತು ನೆನಪಾಯಿತು.

“ಅಕ್ಕನ ಮುಖ ನಾನೂ ನೋಡಲಿಲ್ಲ, ಭಾವಾ,” ಎಂದೆ ಕೊನೆಗೆ.

ಅವರು ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದರು.

“ಕುಂದ್ರು. ನಿಂತರ ತಲಿ ತಿರುಗ್ತದ.”