ಹಾಂಕಾಂಗ್ ಮೀನಾಳ ಮದುವೆ

ಭಯದಲ್ಲಿ ದೊಡ್ಡದು, ಸಣ್ಣದು ಎಂದು ವಿಂಗಡಿಸುವವರಿದ್ದಾರೆ. ಕಳ್ಳರು, ಕಾಯಿಲೆ, ಕೋರ್ಟು ಇವೆಲ್ಲ ದೊಡ್ಡ ಭಯವಂತೆ, ಮಿಕ್ಕವು ಸಣ್ಣವಂತೆ. ನಾನು ಇದನ್ನು ಒಪ್ಪುವುದಿಲ್ಲ. ಕಾರಣ ಯಾವುದೇ ಇರಲಿ, ಭಯವಾದಾಗ ತಿರುಚಿಕೊಳ್ಳುವ ಹೊಟ್ಟೆ ಒಂದೇ. ನನ್ನ ಹೊಟ್ಟೆಗಂತೂ ಈ ವಿಷಯದಲ್ಲಿ ಒಳ್ಳೆಯ ಅನುಭವವಿದೆ. ಮ್ಯಾನೇಜರು 'ಸ್ವಲ್ಪ ಬಂದು ಹೋಗಿ' ಎಂದರೆ ಸಾಕು, ಯಾಕೆ, ಏನು ಎಂದು ಕೇಳುವ ಮೊದಲೇ ಅದು ಗುಡುಗಲು ಶುರುಮಾಡುತ್ತದೆ. ಆದರೂ ಈ ಜನ್ಮದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಹಾಂಕಾಂಗಿನ ಒಬ್ಬ ಹುಡುಗಿಯ ಮದುವೆಯ ವಿಷಯಕ್ಕೆ ಎಂದರೆ ನೀವು ನಗುತ್ತೀರಿ. ನಗಿ, ಬೇಜಾರಿಲ್ಲ. ಆಗ ಮಾತ್ರ ನಮ್ಮ ಮನೆಯಲ್ಲಿ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ತಾಂಡ್ಯದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್ ಆಗಿದ್ದೆ, ನಂಜನಗೂಡಿನಲ್ಲಿ ಬಾಡಿಗೆ ಮನೆ. ಬಕೆಟ್ಟು, ಚೊಂಬು ಅಚ್ಚು ಹಾಕುವ ಹೊಸ ಮೆಷಿನ್ನು ಹಾಂಕಾಂಗಿನಿಂದ ಬಂತು. ಅದನ್ನು ಕೂರಿಸಲು ಲಾಮ್ ಎಂಬ ಮೆಕ್ಯಾನಿಕ್ಕೂ ಬಂದ. ಅವನ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಇತ್ತು, ಆದ್ದರಿಂದ ನಮ್ಮಿಬ್ಬರ ಮಾತು ಚೆನ್ನಾಗಿ ಹೊಂದಿತು. ಅವನು ಬೆರಳು ತೋರಿಸುತ್ತಿದ್ದ, ನಾನು ಸ್ಪ್ಯಾನರ್ ಕೊಡುತ್ತಿದ್ದೆ. ಆರು ವಾರದಲ್ಲಿ ನಾನು ಕಲಿತದ್ದು ಅವರ ಭಾಷೆಯ ಮೂರು ಮಾತು: ಊಟ ಆಯಿತೇ, ಸಾಕು, ಥ್ಯಾಂಕ್ಸು. ಮನೆಯಲ್ಲಿ ಮಾತ್ರ ಹೆಂಡತಿ ಗಿರಿಜಾಳಿಗೆ, 'ಅದಕ್ಕೆ ಕ್ಯಾಂಟನೀಸ್ ಅಂತಾರೆ, ಹೆಚ್ಚುಕಮ್ಮಿ ಎಲ್ಲ ಅರ್ಥವಾಗುತ್ತೆ' ಎಂದುಬಿಟ್ಟೆ. ಗಂಡಸು ಮನೆಗೆ ಬಂದು ಬೂಟು ಬಿಚ್ಚುವಾಗ ಇಂಥದ್ದೊಂದು ಮಾತು ಬಾಯಿಂದ ಜಾರುವುದು ಸಹಜ. ಲಾಮ್ ಊರಿಗೆ ಹೊರಡುವಾಗ ತಾನು ಲಾಡ್ಜಿನಲ್ಲಿ ನೋಡುತ್ತಿದ್ದ ನಾಲ್ಕಾರು ಸೀರಿಯಲ್ಲುಗಳ ಡಿಸ್ಕುಗಳ ಚೀಲವನ್ನು ನನ್ನ ಕೈಗೆ ಕೊಟ್ಟು ಹೋದ. ನಮ್ಮ ಮನೆಗೆ ಆಗಷ್ಟೇ ವಿಸಿಡಿ ಪ್ಲೇಯರ್ ಬಂದಿತ್ತು.

ಮೊದಲ ದಿನ ಹಾಕಿದಾಗ ಎದೆ ಧಸಕ್ಕೆಂದಿತು. ಒಬ್ಬೊಬ್ಬ ಮನುಷ್ಯನ ಬಾಯಿಂದಲೂ ಎರಡೆರಡು ಧ್ವನಿ ಬರುತ್ತಿತ್ತು, ಒಂದು ಗಂಡು ಗೊಗ್ಗರು, ಇನ್ನೊಂದು ತೆಳ್ಳಗೆ. ಗಿರಿಜಾ, 'ಇವರಿಗೆಲ್ಲ ಮೈಮೇಲೆ ಏನೋ ಬಂದಿದೆ, ಆರಿಸಿ' ಎಂದಳು. ಎರಡು ದಿನ ಹೆದರಿ ಮುಟ್ಟಲಿಲ್ಲ. ಆಮೇಲೆ ತಿಳಿಯಿತು, ಎಡಗಡೆಯ ಸ್ಪೀಕರಿನಲ್ಲಿ ಒಂದು ಚೀನೀ ಭಾಷೆ, ಬಲಗಡೆಯದರಲ್ಲಿ ಇನ್ನೊಂದು. ಬಲಗಡೆಯ ವೈರು ಕಿತ್ತುಹಾಕಿದೆ, ದೆವ್ವ ಬಿಟ್ಟಿತು. ಉಳಿದದ್ದು ಕ್ಯಾಂಟನೀಸೇ ಎಂಬುದು ನನ್ನ ಪುಣ್ಯ. ಇನ್ನೊಂದು ವೈರು ಕಿತ್ತಿದ್ದರೆ ಬೇರೊಂದು ಭಾಷೆಯ ಅಭಿಮಾನಿಯಾಗಿಬಿಡುತ್ತಿದ್ದೆ.

ಅಭಿಮಾನಿಯಾದದ್ದಂತೂ ನಿಜ. ಚೀನಾದವರ ಚಿತ್ರವೆಂದರೆ ಹಾರಿ ಒದೆಯುವುದು ಎಂದುಕೊಂಡಿದ್ದೆ. ಇವು ಹೊಸ ಕಾಲದವು. ಇಲ್ಲಿ ಯಾರೂ ಹಾರುವುದಿಲ್ಲ, ಎಲ್ಲರೂ ಆಫೀಸಿಗೆ ಹೋಗುತ್ತಾರೆ. ಹೆಂಗಸರು ವಕೀಲರು, ಡಾಕ್ಟರು. ಮೇಲಧಿಕಾರಿಯ ಮುಖಕ್ಕೇ ಫೈಲು ಬಿಸಾಡುತ್ತಾರೆ. ಅದನ್ನು ನೋಡಿದಾಗ ನನಗೆ ಹೆದರಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು. ಸಂಜೆ ಮನೆಮಂದಿಯೆಲ್ಲ ದುಂಡು ಮೇಜಿನ ಸುತ್ತ ಕೂತು ಉಣ್ಣುತ್ತಾರೆ. ತಾಯಿ ಮಗನಿಗೆ ಬಟ್ಟಲಲ್ಲಿ ಸೂಪು ಬಗ್ಗಿಸಿಕೊಟ್ಟಳೆಂದರೆ ಅವನಿಂದ ಏನೋ ಆಗಬೇಕಾಗಿದೆ ಎಂದರ್ಥ; ಇದು ನಮ್ಮಲ್ಲೂ ಹೀಗೇ. ಇನ್ನು ಮಹಡಿಯ ಮೇಲಿನ ಬಯಲು ತಾರಸಿ. ಸುಳ್ಳು ಹೇಳಿದವನು, ಮೋಸ ಮಾಡಿದವನು, ಎಲ್ಲರೂ ಕೊನೆಗೆ ಅಲ್ಲಿಗೇ ಹತ್ತುತ್ತಾರೆ, ಹತ್ತಿದವರಲ್ಲಿ ಮೆಟ್ಟಿಲಿಳಿದು ಬಂದವರು ಕಡಿಮೆ. ತಾರಸಿಯ ಬಾಗಿಲು ತೆರೆದ ಸದ್ದಾದರೆ ನಾನು ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದೆ.

ಈ ಹೊತ್ತಿಗೆ ತಿ. ನರಸೀಪುರದಿಂದ ನಮ್ಮ ಅತ್ತೆ ಬಂದರು. ಮಂಡಿನೋವು, ಜೊತೆಗೆ ಸಕ್ಕರೆ ಕಾಯಿಲೆ. ನಂಜನಗೂಡಿನ ಡಾಕ್ಟರಿಗೆ ತೋರಿಸಲು ನಾಲ್ಕಾರು ತಿಂಗಳು ಇರುವುದೆಂದಾಯಿತು. ನನ್ನ ಮದುವೆಯಾಗಿ ಹತ್ತು ವರ್ಷವಾಗಿದ್ದರೂ ಅವರು ನನ್ನೆದುರು ಒಂದು ದಿನವೂ ಕೂತವರಲ್ಲ. ಅಳಿಯ ಹಾಲಿನಲ್ಲಿದ್ದರೆ ಅತ್ತೆ ಅಡುಗೆಮನೆ ಬಾಗಿಲ ಹಿಂದೆ. ಮಾತೂ ನೇರವಾಗಿ ಇಲ್ಲ. 'ಗಿರಿಜ, ಅಳೀಮಯ್ಯಂಗೆ ಇನ್ನೊಂದ್ಚೂರು ಅನ್ನ ಬೇಕಾ ಕೇಳು' ಎಂದು ಬಾಗಿಲು ಮಾತಾಡುತ್ತಿತ್ತು. ನಾನೂ ಬಾಗಿಲಿಗೇ ಬೇಡ ಎನ್ನುತ್ತಿದ್ದೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ನನಗೆ ಆ ಬಾಗಿಲ ಮೇಲೆ ಒಳಗೊಳಗೇ ಸಿಟ್ಟಿತ್ತು, ಹೇಳಿಕೊಳ್ಳಲು ಧೈರ್ಯವಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಚೀಲದಿಂದ ಹೊಸದೊಂದು ಸೀರಿಯಲ್ ತೆಗೆದು ಮೊದಲ ಡಿಸ್ಕು ನೋಡುತ್ತಿದ್ದೆ. ಬಾಗಿಲ ಹಿಂದಿನಿಂದ, 'ಆ ಹೆಣ್ಣು ಯಾಕಂಗ್ ಅಳ್ತಾವ್ಳೆ, ಕೇಳು ಗಿರಿಜ' ಎಂದು ಬಂತು. ನಾನು ಕಥೆ ಹೇಳಿದೆ. ಗೊತ್ತಿತ್ತೇ ಎಂದರೆ, ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ, ಮಿಕ್ಕರ್ಧ ನಾನೇ ಸೇರಿಸಿದೆ. ಹುಡುಗಿಗೆ ಮೀನಾ ಎಂದು ಹೆಸರಿಟ್ಟೆ. ಅರ್ಧ ಗಂಟೆಯಲ್ಲಿ ಅತ್ತೆ ಬಾಗಿಲಿನಿಂದ ಈಚೆ ಬಂದರು. ಮುಂದಿನ ಡಿಸ್ಕಿಗೆ ಚಾಪೆ ಹಾಸಿಕೊಂಡು ಹಾಲಿನಲ್ಲೇ ಕೂತರು. 'ಅಳೀಮಯ್ಯ, ಈಗ ಏನಂದ್ಲು?' ಎಂದು ನನ್ನ ಮುಖ ನೋಡಿ ಕೇಳಿದರು. ಹತ್ತು ವರ್ಷದಲ್ಲಿ ಮೊದಲ ಸಲ. ಆ ಕ್ಷಣದಲ್ಲಿ, ನನಗೆ ಈ ಭಾಷೆ ಬರುವುದಿಲ್ಲ ಎಂದು ಹೇಳಬಲ್ಲ ಗಂಡಸಿದ್ದರೆ ಅವನಿಗೆ ನನ್ನ ನಮಸ್ಕಾರ.

ಅನಾಹುತವಾದದ್ದು ಎರಡನೇ ಡಿಸ್ಕಿನಲ್ಲಿ. ಮೀನಾ ಕೆಂಪು ಬಟ್ಟೆಯುಟ್ಟು, ಕೈತುಂಬ ಚಿನ್ನ ಹಾಕಿಕೊಂಡು, ಹುಡುಗನ ತಂದೆ ತಾಯಿಯ ಮುಂದೆ ಮಂಡಿಯೂರಿ ಎರಡು ಕೈಯಲ್ಲಿ ಟೀ ಕೊಟ್ಟಳು. ತಲೆ ಬಗ್ಗಿಸಿಕೊಂಡಿದ್ದಳು. ಅವರು ಟೀ ಕುಡಿದು, ಅವಳ ಕೈಗೊಂದು ಕೆಂಪು ಕವರು ಕೊಟ್ಟರು. ನೀವೇ ಹೇಳಿ, ಅಲಂಕಾರ ಮಾಡಿಕೊಂಡ ಹುಡುಗಿ ಗಂಡಿನ ಕಡೆಯವರಿಗೆ ತಲೆ ಬಗ್ಗಿಸಿ ಟೀ ಕೊಟ್ಟರೆ ನಮ್ಮ ಸೀಮೆಯಲ್ಲಿ ಅದನ್ನು ಏನೆನ್ನುತ್ತಾರೆ? ನಾನು ಒಂದಿಷ್ಟೂ ಅನುಮಾನವಿಲ್ಲದೆ, 'ಹೆಣ್ಣು ನೋಡೋ ಶಾಸ್ತ್ರ ಅತ್ತೆ. ಅವರ ಕಡೆ ಹುಡುಗಿಯನ್ನೇ ಕರೆಸಿಕೊಂಡು ನೋಡ್ತಾರೆ' ಎಂದೆ. ಅತ್ತೆ, 'ಹೆಣ್ಣು ಲಕ್ಸಣವಾಗವ್ಳೆ, ಒಪ್ಕತಾರೆ' ಎಂದರು.

ಮುಂದಿನ ದೃಶ್ಯದಲ್ಲೇ ಮೀನಾ ಆ ಮನೆಯಲ್ಲಿ ನೈಟಿ ಹಾಕಿಕೊಂಡು ಹಲ್ಲುಜ್ಜುತ್ತಿದ್ದಳು. 'ನೋಡಕ್ ಕರ್ಸಿದ್ರೆ ಅಲ್ಲೇ ಉಳ್ಕಂಡ್ಳಾ?' ಎಂದರು ಅತ್ತೆ. ಹಾಂಕಾಂಗಿನಲ್ಲಿ ಮನೆಗಳ ಅಭಾವ, ಪೇಯಿಂಗ್ ಗೆಸ್ಟ್ ಆಗಿ ಇದ್ದಾಳೆ ಎಂದೆ. ಮೂರು ಡಿಸ್ಕಿನವರೆಗೂ ಪೇಯಿಂಗ್ ಗೆಸ್ಟ್ ಮೇಲೆ ಗಾಡಿ ಓಡಿತು. ಐದನೆಯದರಲ್ಲಿ ಮೀನಾ ಸಿಂಕಿನ ಮುಂದೆ ಬಗ್ಗಿ ವಾಂತಿ ಮಾಡಿದಳು. ವಾಂತಿಗೆ ಭಾಷಾಂತರ ಬೇಕಿರಲಿಲ್ಲ. ಅತ್ತೆ ಚಾಪೆಯ ಮೇಲೆ ನೆಟ್ಟಗೆ ಕೂತು, 'ಮದ್ವೆ ಯಾವಾಗ ಅಳೀಮಯ್ಯ?' ಎಂದರು. ನನ್ನ ಮಗಳನ್ನೇ ಯಾರೋ ಕೈಬಿಟ್ಟಂತೆ ನಾನೂ ಕಂಗಾಲಾದೆ. ಆಗುತ್ತೆ ಅತ್ತೆ, ಆಗುತ್ತೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. 'ಆ ತಬ್ಬಲಿ ಕೊರಳಿಗೆ ತಾಳಿ ಬೀಳೋಗಂಟ ಸ್ವಾಮಾರ ಒಂದೊತ್ತು ಇರ್ತೀನಿ ನಂಜುಂಡಪ್ಪ' ಎಂದು ಗೋಪುರವಿರುವ ದಿಕ್ಕಿಗೆ ಕೈಮುಗಿದುಬಿಟ್ಟರು.

ಆ ಸಂಜೆ ಆ ಸೀರಿಯಲ್ಲಿನ ಮಿಕ್ಕ ಡಿಸ್ಕುಗಳನ್ನೆಲ್ಲ ಒಬ್ಬನೇ ಓಡಿಸಿ ಓಡಿಸಿ ನೋಡಿದೆ. ಮೂರು ಮೊಕದ್ದಮೆ, ಎರಡು ಸಾವು, ಒಂದು ಕಿಡ್ನಿ ಆಪರೇಷನ್ ಇತ್ತು. ಮದುವೆ ಇರಲಿಲ್ಲ. ಮೂರನೇ ಸೋಮವಾರ ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಾ ಕಣ್ಣು ಕತ್ತಲೆ ಬಂದು ಕುಸಿದರು. ಡಾಕ್ಟರು, 'ಸಕ್ಕರೆ ಕಾಯಿಲೆ ಇಟ್ಕೊಂಡು ಉಪವಾಸ ಮಾಡೋಕೆ ಯಾರು ಹೇಳಿದ್ದು?' ಎಂದು ನನ್ನ ಕಡೆ ನೋಡಿದರು. ಅವರಿಗೆ ಹೇಗೆ ಗೊತ್ತಾಯಿತೋ ಎಂದು ನಡುಗಿದೆ. ಹೀಗೇ ಮುಂದುವರಿದರೆ ಇವರ ಜೀವಕ್ಕೆ ನಾನೇ ಹೊಣೆ. ನಿಜ ಹೇಳಿದರೆ ಇವರು ಮತ್ತೆ ಬಾಗಿಲ ಹಿಂದೆ. ಮಾರನೇ ದಿನ ಧೈರ್ಯ ಮಾಡಿ, 'ಮೀನಾಂದು ರಿಜಿಸ್ಟ್ರಿ ಮದುವೆ ಆಯ್ತಂತೆ ಅತ್ತೆ, ತೋರಿಸಿಲ್ಲ ಅಷ್ಟೆ' ಎಂದೆ. 'ಕಣ್ಗೆ ಕಾಣ್ದಿದ್ದ ಮದ್ವೇನ ನಾನೆಂಗ್ ಒಪ್ಕಳ್ಳಿ?' ಎಂದರು. ಒಂದೊತ್ತು ಮುಂದುವರಿಯಿತು.

ಆಗಲೇ ಮೆಷಿನ್ನು ಕೆಟ್ಟು ಲಾಮ್ ಮತ್ತೆ ಬಂದ. 'ನಿಮ್ಮ ದೋಸ್ತು ತಾನೆ, ಭಾನುವಾರ ಮನೆಗೆ ಊಟಕ್ಕೆ ಕರೀರಿ' ಎಂದರು ಮ್ಯಾನೇಜರು. ಅತ್ತೆಗೆ ಹಬ್ಬ. 'ಮೀನಾನ ಊರೋರಾ? ಬರ್ಲಿ, ಅವ್ರನ್ನೇ ಕೇಳಾಣ' ಎಂದರು. ಶನಿವಾರವೆಲ್ಲ ನನಗೆ ಜ್ವರ ಬಂದಂತಿತ್ತು. ಭಾನುವಾರ ಬೆಳಿಗ್ಗೆ ರಿಮೋಟನ್ನು ಅಕ್ಕಿ ಡಬ್ಬದಲ್ಲಿ ಹೂತೆ, ಪ್ಲೇಯರಿನ ಹಿಂದಿನ ವೈರು ಸಡಿಲ ಮಾಡಿದೆ. ಲಾಮ್ ಬಂದ, ಶಾವಿಗೆ ಪಾಯಸ ಎರಡು ಸಲ ಹಾಕಿಸಿಕೊಂಡ, ರಸಬಾಳೆ ತಿಂದ. ನಾನು ನೂರು ಸಲ ಗಡಿಯಾರ ನೋಡಿದೆ. ಹೊರಗಿನವರಿದ್ದಾರೆಂದು ಅತ್ತೆ ಬಾಗಿಲ ಹಿಂದಿದ್ದರು. ಅಲ್ಲಿಂದ ಪಿಸುಮಾತು ಬಂತು, ಗಿರಿಜಾ ಟಿವಿಯತ್ತ ಕೈ ತೋರಿಸಿದಳು. ನಾನು ತಕ್ಷಣ 'ರಿಪೇರಿ' ಎಂದೆ. ಮೆಷಿನ್ ರಿಪೇರಿ ಮಾಡಲು ಸಮುದ್ರ ದಾಟಿ ಬಂದವನ ಮುಂದೆ ಆಡಬಾರದ ಮಾತು ಅದೊಂದೇ. ಅವನು ಖುಷಿಯಿಂದ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಎರಡು ನಿಮಿಷದಲ್ಲಿ ಮೀನಾ ಪರದೆಯ ಮೇಲಿದ್ದಳು.

'ದಿಸ್ ಗರ್ಲ್, ಮ್ಯಾರೇಜ್ ವೆನ್?' ಎಂದು ಗಿರಿಜಾ ಕೇಳಿದಳು. ಲಾಮ್ ಆಶ್ಚರ್ಯದಿಂದ ನನ್ನನ್ನು ನೋಡಿದ. 'ಮ್ಯಾರೇಜ್ ಫಿನಿಶ್' ಎಂದು ಎರಡನೇ ಡಿಸ್ಕು ಹಾಕಿದ. ಅದೇ ಕೆಂಪು ಬಟ್ಟೆ, ಅದೇ ಮಂಡಿ, ಅದೇ ಟೀ. ಹುಡುಗನ ತಾಯಿ ಗುಟುಕರಿಸಿದಾಗ ಅವನು ಪರದೆಗೆ ಬೆರಳಿಟ್ಟ. 'ಹಸ್ಬೆಂಡ್ ಮದರ್ ಡ್ರಿಂಕ್ ಟೀ. ಫಿನಿಶ್. ನೌ ವೈಫ್.' ಗಿರಿಜಾ ಬಾಗಿಲ ಕಡೆ ತಿರುಗಿ, 'ಇದೇ ಮದುವೆಯಂತಮ್ಮ, ಗಂಡನ ತಾಯಿ ಟೀ ಕುಡಿದರೆ ಮುಗೀತಂತೆ' ಎಂದಳು.

ಅತ್ತೆ ಹೊಸಿಲ ತನಕ ಬಂದು ಪರದೆಯನ್ನು ನೋಡಿದರು. 'ಪಾಪ, ಆ ಹೆಣ್ಣು ಏನೂ ತಪ್ಮಾಡಿರ್ಲಿಲ್ಲ. ನಾನೇ ಏನೇನೋ ಅನ್ಕಂಡ್ಬುಟ್ಟೆ' ಎಂದರು. ಆಮೇಲೆ ನನ್ನ ಕಡೆ ತಿರುಗದೆ, 'ಗಿರಿಜ, ನಾಳೆಯಿಂದ ಎಲ್ಡೊತ್ತೂ ಉಣ್ತೀನಿ ಅಂತ ನಿನ್ ಗಂಡಂಗೆ ಹೇಳು' ಎಂದು ಒಳಗೆ ಹೋದರು. ಸದ್ಯ ಉಪವಾಸ ನಿಂತಿತಲ್ಲ ಎಂದು ನೆಮ್ಮದಿಯಾಗಬೇಕಿತ್ತು. 'ಅಳೀಮಯ್ಯ' ಹೋಗಿ 'ನಿನ್ ಗಂಡ' ಆದದ್ದಕ್ಕೆ ನನಗೆ ಅಳು ಬಂತು, ಕೆಮ್ಮಿದಂತೆ ಮಾಡಿದೆ.

ಲಾಮ್ ಹೊಸ ಸೀರಿಯಲ್ಲಿನ ಚೀಲವೊಂದನ್ನು ಬಿಟ್ಟು ಹೋದ. ಎರಡು ವಾರ ಚಾಪೆ ಸುತ್ತಿ ಮೂಲೆಯಲ್ಲಿತ್ತು. ಮೂರನೇ ಭಾನುವಾರ ಅತ್ತೆ ತಾವೇ ಅದನ್ನು ಹಾಸಿ, ಗಿರಿಜಾಳಿಂದ ಡಿಸ್ಕು ಹಾಕಿಸಿದರು. ನಾನು ಮುಖ ತೋರಿಸಲಾಗದೆ ಅಡುಗೆಮನೆ ಬಾಗಿಲ ಹಿಂದೆ ನಿಂತೆ. ಈಗ ಕಥೆ ಹೇಳುವವರು ಅವರೇ ಆಗಿದ್ದರು. ನನ್ನನ್ನು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ, ಮತ್ತು ನಾಚಿಕೆಯಿಲ್ಲದೆ ಒಪ್ಪುತ್ತೇನೆ, ಅವರು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. 'ಈ ಕನ್ನಡಕದವ್ನು ಆ ಮನೆ ಅಳಿಯ ಕಣಮ್ಮ. ಒಳ್ಳೆವ್ನೇ, ಪುಕ್ಲ. ಗೊತ್ತಿಲ್ದಿದ್ನೆಲ್ಲ ಗೊತ್ತು ಅಂತಾನೆ' ಎಂದರು. ನಾನು ಬಾಗಿಲ ಹಿಂದೆ ನನ್ನ ಕನ್ನಡಕವನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಆ ಮನುಷ್ಯ ಲಿಫ್ಟಿಗೆ ಹೋಗಿ ಕೊನೆಯ ಮಹಡಿಯ ಗುಂಡಿ ಒತ್ತಿದ. 'ಅಮ್ಮ, ಇವನಿಗೇನಾಗುತ್ತೆ?' ಎಂದಳು ಗಿರಿಜಾ. 'ಇನ್ನೂ ಆರ್ ಡಿಸ್ಕ್ ಅವೆ, ನೋಡಾಣ' ಎಂದರು ಅತ್ತೆ, ಬಾಗಿಲ ಕಡೆಗೆ ಸ್ವಲ್ಪ ಗಟ್ಟಿಯಾಗಿ.

ಆ ಕನ್ನಡಕದವನು ಮೆಟ್ಟಿಲಿಳಿದು ಬರಲಿ ಎಂದು ಆಮೇಲೆ ಪ್ರತಿ ಸೋಮವಾರ ಒಂದೊತ್ತು ಇದ್ದವನು ನಾನು. ಯಾಕೆ ಉಣ್ಣುತ್ತಿಲ್ಲ ಎಂದು ಗಿರಿಜಾ ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದೆ. ಅದೊಂದು ಮಾತ್ರ ಸುಳ್ಳಾಗಿರಲಿಲ್ಲ.