ವೀಕ್ಷಕರಿಗೆ ವಿಸ್ತರಣೆ

ನದಿಯ ನೀರಿನ ಮಟ್ಟವನ್ನು ದಿನಾ ನೋಡಿ ಮೇಲಿನವರಿಗೆ ತಿಳಿಸದಿದ್ದರೆ ನದಿ ತನಗೆ ತೋಚಿದಂತೆ ಹರಿಯುತ್ತದೆ ಎಂದು ಜಲಮಟ್ಟ ಕಚೇರಿಯ ಸ್ಥಾಪನಾ ಆದೇಶದಲ್ಲೇ ಬರೆದಿದೆ. ಈ ಅನಾಹುತವನ್ನು ತಡೆಯಲು ಕಚೇರಿಗೆ ಒಬ್ಬ ಸಾಹೇಬರು, ಒಂದು ಕಂಪ್ಯೂಟರು, ಅದನ್ನು ನಡೆಸಲು ಒಬ್ಬ ಮೇಡಂ ಮತ್ತು ಒಬ್ಬ ವೀಕ್ಷಕ ಮಂಜೂರಾಗಿದ್ದರು.

ವೀಕ್ಷಕನನ್ನು ಎಲ್ಲರೂ ಮಟ್ಟಣ್ಣ ಎನ್ನುತ್ತಿದ್ದರು. ಬೆಳಗಿನ ಜಾವ ಎದ್ದು ಸೇತುವೆಗೆ ಹೋಗಿ, ಕಂಬದ ಮೇಲೆ ಬಳಿದ ಯಾವ ಅಂಕಿಗೆ ನೀರು ಮುಟ್ಟಿದೆ ನೋಡಿ, ಬಂದು ಹೇಳುವುದು ಅವನ ಕೆಲಸ. ಹೋಗಿ, ನೋಡಿ, ಬಂದು ಹೇಳಿ ಅವನ ಕೂದಲು ಹಣ್ಣಾಗಿತ್ತು. ಮದುವೆಯ ಮಾರನೆಯ ದಿನವೂ ಹೊತ್ತು ಮೂಡುವ ಮೊದಲೇ ಎದ್ದು ಹೋಗಿದ್ದನ್ನು ಹೆಂಡತಿ ಇನ್ನೂ ಮರೆತಿರಲಿಲ್ಲ. ಈಗ ತಿಂಗಳ ಕೊನೆಗೆ ನಿವೃತ್ತಿ. ಬದುಕಿನಲ್ಲಿ ಅವನಿಗೆ ಉಳಿದಿದ್ದ ಆಸೆ ಒಂದೇ: ಬೆನ್ನಿಗೆ ಬಿಸಿಲು ಬೀಳುವವರೆಗೆ ಮಲಗುವುದು. ಅದಕ್ಕೆಂದೇ ಹೊಸ ಹತ್ತಿಯ ಹಾಸಿಗೆ ಮಾಡಿಸಿ, ಗೋಡೆಗೆ ಒರಗಿಸಿ, ಮುಟ್ಟದೆ ಇಟ್ಟಿದ್ದ.

"ನೀವು ಹತ್ತು ಗಂಟೆವರೆಗೆ ಬಿದ್ಕೊಂಡಿದ್ರೆ ನಾನು ಕಸ ಗುಡಿಸೋದು ಹೇಗ್ರೀ?" ಎಂದಳು ಹೆಂಡತಿ.

"ಸುತ್ತಲೂ ಗುಡಿಸು."

ಆ ತಿಂಗಳ ಮೊದಲಲ್ಲೇ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. ಸುರಕ್ಷತೆಯ ದೃಷ್ಟಿಯಿಂದ ಶಾಖೆಗಳ ಕಂಪ್ಯೂಟರುಗಳಲ್ಲಿ ಎಲ್ಲ ಜಾಲತಾಣಗಳನ್ನೂ ಮುಚ್ಚಲಾಗಿದೆ. ಇನ್ನು ಮುಂದೆ ನದಿಯ ಮಟ್ಟವನ್ನು ಕೇಂದ್ರ ಕಚೇರಿಯ ಜಾಲತಾಣದಲ್ಲೇ ತುಂಬತಕ್ಕದ್ದು. ಕೇಂದ್ರ ಕಚೇರಿಯ ಜಾಲತಾಣವೂ ಒಂದು ಜಾಲತಾಣವೇ. ನಿಯಮ ಎಲ್ಲರಿಗೂ ಒಂದೇ ಆದ್ದರಿಂದ ಅದೂ ಮುಚ್ಚಿತ್ತು.

"ಇದಕ್ಕೆ ವಿಪಿಎನ್ ಇದೆ ಸರ್," ಎಂದರು ಮೇಡಂ.

"ಯಾರವರು?"

"ಯಾರೂ ಅಲ್ಲ ಸರ್. ಇಲ್ಲಿಂದ ನೇರ ಹೋಗೋಕೆ ನಮ್ಮನ್ನ ಬಿಡಲ್ಲ ಅಲ್ವಾ? ಅದು ನಮ್ಮ ಪರವಾಗಿ ಬೇರೆ ದಾರೀಲಿ ಹೋಗುತ್ತೆ, ನೋಡುತ್ತೆ, ಬಂದು ನಮಗೆ ಹೇಳುತ್ತೆ. ಕೇಳಿದ್ದು ಯಾರು ಅಂತ ಮಧ್ಯದಲ್ಲಿ ಯಾರಿಗೂ ಗೊತ್ತಾಗಲ್ಲ. ಬ್ರೌಸರ್‌ಗೆ ಒಂದು ಎಕ್ಸ್‌ಟೆನ್ಷನ್ ಹಾಕಿದ್ರೆ ಮುಗೀತು. ಎರಡು ನಿಮಿಷದ ಕೆಲಸ."

"ಎರಡು ನಿಮಿಷದ್ದು ಅಂತ ಅನುಮತಿ ಇಲ್ಲದೆ ಮಾಡೋದಾ?" ಎಂದು ಸಾಹೇಬರು ಗಾಬರಿಯಾದರು. "ಅರ್ಜಿ ಬರೀರಿ. ಶುದ್ಧ ಭಾಷೆಯಲ್ಲಿ."

ಕಡತದೊಳಗೆ ಪರಭಾಷೆಯ ಪದ ಕಾಣಿಸಿದರೆ ಕಡತ ವಾಪಸ್ಸು ಬರುವುದು ಇಲಾಖೆಯ ಪದ್ಧತಿ. ಮೇಡಂ ಇಲಾಖೆಯ ಪದಕೋಶ ತೆಗೆದರು. ವಿಪಿಎನ್ ಎಂದರೆ ಖಾಸಗಿ ಜಾಲ. ಬ್ರೌಸರ್ ಎಂದರೆ ವೀಕ್ಷಕ. ಎಕ್ಸ್‌ಟೆನ್ಷನ್ ಎಂದರೆ ವಿಸ್ತರಣೆ. ಹೀಗಾಗಿ ಅರ್ಜಿ ಇಷ್ಟೇ ಆಯಿತು: "ಖಾಸಗಿ ಜಾಲದ ಕೆಲಸದ ಸಲುವಾಗಿ ನಮ್ಮ ಕಚೇರಿಯ ವೀಕ್ಷಕಕ್ಕೆ ವಿಸ್ತರಣೆ ನೀಡಬೇಕೆಂದು ಕೋರಿಕೆ." ಸಾಹೇಬರು ಓದಿ, ಒಂದು ಪದವೂ ಅರ್ಥವಾಗದ್ದರಿಂದ ಭಾಷೆ ಶುದ್ಧವಾಗಿದೆ ಎಂದು ತೀರ್ಮಾನಿಸಿ, ಸಹಿ ಹಾಕಿದರು.

ಮಟ್ಟಣ್ಣನ ಬೀಳ್ಕೊಡುಗೆಗೆ ತಂದ ಹಾರ ಇನ್ನೂ ಒದ್ದೆಯಾಗಿದ್ದಾಗಲೇ ಉತ್ತರ ಬಂತು. ಸಾಹೇಬರು ಗಟ್ಟಿಯಾಗಿ ಓದಿದರು.

"ಸದರಿ ಕಚೇರಿಯ ವೀಕ್ಷಕರಿಗೆ ಖಾಸಗಿ ಜಾಲದ ಕೆಲಸದ ಸಲುವಾಗಿ ಮೂರು ವರ್ಷಗಳ ವಿಸ್ತರಣೆ ಮಂಜೂರಾಗಿದೆ. ಅರ್ಜಿಯಲ್ಲಿ 'ವೀಕ್ಷಕಕ್ಕೆ' ಎಂದು ಬರೆದು, ಹಿರಿಯ ನೌಕರರೊಬ್ಬರನ್ನು ಮೇಜು ಕುರ್ಚಿಗಳ ಸಾಲಿಗೆ ಸೇರಿಸಿರುವುದು ಖಂಡನೀಯ. ವಿಭಕ್ತಿಯನ್ನು ನಾವೇ ಸರಿಪಡಿಸಿಕೊಂಡಿದ್ದೇವೆ. ಇದು ಮರುಕಳಿಸಕೂಡದು."

ಹಾರ ಹಿಡಿದು ನಿಂತಿದ್ದ ಮೇಡಂ ಅದನ್ನು ಮೆಲ್ಲಗೆ ಕಂಪ್ಯೂಟರಿನ ಮೇಲೆ ಇಟ್ಟರು.

"ಸರ್, ನಾನು ಮಲಗ್ಬೇಕು ಸರ್," ಎಂದ ಮಟ್ಟಣ್ಣ.

"ಆದೇಶ ಆಗ್ಬಿಟ್ಟಿದೆ ಮಟ್ಟಣ್ಣ. ಮಂಜೂರಾಗಿದ್ದನ್ನ ಬೇಡ ಅನ್ನೋಕೆ ನಿಯಮ ಇಲ್ಲ. ಇವತ್ತಿಂದ ನೀವೇ ವಿಪಿಎನ್ನು."

"ಹಂಗಂದ್ರೆ ಏನು ಮಾಡ್ಬೇಕು ಸರ್?"

"ಹೋಗ್ಬೇಕು, ನೋಡ್ಬೇಕು, ಬಂದು ಹೇಳ್ಬೇಕು."

"ಅದು ಮಾಡ್ತಾನೇ ಇದೀನಲ್ಲ ಸರ್."

"ಅದಕ್ಕೇ ತಾನೇ ನಿಮಗೆ ಸಿಕ್ಕಿದ್ದು."

ಅಳವಡಿಕೆ ಅಂದೇ ನಡೆಯಿತು. ವಿಸ್ತರಣೆಯು ಬ್ರೌಸರಿನ ಬಲಗಡೆ ಮೇಲಿನ ಮೂಲೆಯಲ್ಲಿ ಕೂರುತ್ತದೆ ಎಂದು ಮೇಡಂ ಹೇಳಿದ್ದರಿಂದ, ಮಟ್ಟಣ್ಣನ ಸ್ಟೂಲನ್ನು ಕಂಪ್ಯೂಟರಿನ ಬಲಗಡೆ ಹಾಕಲಾಯಿತು. ಅವನ ಮಂಡಿನೋವನ್ನು ಪರಿಗಣಿಸಿ 'ಮೇಲಿನ' ಎಂಬುದಕ್ಕೆ ವಿನಾಯಿತಿ ಸಿಕ್ಕಿತು. "ಈ ವಿಸ್ತರಣೆಯು ನಿಮ್ಮ ಎಲ್ಲ ಮಾಹಿತಿಯನ್ನು ಓದಬಹುದು ಮತ್ತು ಬದಲಿಸಬಹುದು, ಒಪ್ಪಿಗೆಯೇ?" ಎಂಬ ಪ್ರಶ್ನೆಗೆ, ಅಂಥ ಪ್ರಶ್ನೆಗಳಿಗೆ ಎಲ್ಲರೂ ಮಾಡುವಂತೆ, ಸಾಹೇಬರು, ಮೇಡಂ ಇಬ್ಬರೂ ಓದದೆ ಒಪ್ಪಿದರು. ಹೆಗಲು ತಟ್ಟಿದರೆ ಚಾಲೂ. ಇನ್ನೊಮ್ಮೆ ತಟ್ಟಿದರೆ ಬಂದ್.

ಉಳಿದದ್ದು ದಾರಿಯ ಪ್ರಶ್ನೆ. ಕಚೇರಿಯಲ್ಲಿ ಮುಚ್ಚಿದ್ದ ಜಾಲತಾಣಗಳು ಹತ್ತಿರದಲ್ಲೆಲ್ಲಾದರೂ ತೆರೆಯುತ್ತಿದ್ದದ್ದು ಮಟ್ಟಣ್ಣನ ಹೆಂಡತಿಯ ಮೊಬೈಲಿನಲ್ಲಿ. ಹಿಂದಿನ ಬೀದಿಯಲ್ಲಿ, ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಮನೆ. ಮೇಡಂ ಕೇಳಬೇಕಾದ್ದನ್ನು ಮಟ್ಟಣ್ಣನ ಕಿವಿಯಲ್ಲಿ ಉಸುರುವುದು, ಅವನು ಮನೆಗೆ ಹೋಗಿ ಹೆಂಡತಿಗೆ ಹೇಳುವುದು, ಅವಳು ಮೊಬೈಲು ಒತ್ತುವುದು, ಅವನು ಬಂದು ಉತ್ತರ ಒಪ್ಪಿಸುವುದು. ಅವನ ಎಡಗಿವಿ ಮಂದ. ಮೇಡಂ ಎಡಗಡೆಯಿಂದಲೇ ಹೇಳುತ್ತಿದ್ದುದರಿಂದ, ಹೇಳಿದ್ದು ದಾರಿಯಲ್ಲಿ ಯಾರಿಗೂ ಅರ್ಥವಾಗುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಮಾರನೆಯ ದಿನ ಅವನಿಗೆ ಏನೂ ನೆನಪಿರುತ್ತಿರಲಿಲ್ಲ. ಗೌಪ್ಯತೆಯ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ವಿಪಿಎನ್ ಪೇಟೆಯಲ್ಲಿ ಇಲ್ಲ ಎಂದು ಮೇಡಂ ಪ್ರಾಮಾಣಿಕವಾಗಿಯೇ ಹೇಳಿದರು.

"ನನ್ನನ್ನ ಸರ್ವರ್ ಅಂತಿದಾರಂತೆ?" ಎಂದು ಹೆಂಡತಿ ಕೇಳಿದಳು.

"ಹೂಂ. ಆ ಕಡೆ ಕೂತು ಕೊಡೋರಿಗೆ ಹಂಗೇ ಅಂತಾರಂತೆ."

"ಇಷ್ಟು ವರ್ಷ ತಟ್ಟೆಗೆ ಹಾಕ್ತಾ ಇದೀನಲ್ಲ, ಇವತ್ತು ಗೊತ್ತಾಯ್ತಾ? ಊಟದ ಹೊತ್ತಲ್ಲಿ ಸರ್ವರ್ ಬಿಜಿ ಅಂತ ಹೇಳ್ಬಿಡಿ ಆಫೀಸಿಗೆ."

ಮೊದಲ ವಾರ ಮಟ್ಟಣ್ಣ ಹಳೆಯ ಅಭ್ಯಾಸದಂತೆ ಕತ್ತಲಲ್ಲೇ ಎದ್ದು ಸೇತುವೆಗೆ ಹೋಗಿ ಬಂದ. ಬಂದು ಅಂಕಿ ಹೇಳಿದ್ದಕ್ಕೆ ಸಾಹೇಬರು ಆದೇಶ ತೆಗೆದು ತೋರಿಸಿದರು.

"ಇದ್ರಲ್ಲಿ ನದಿ ಎಲ್ಲಿದೆ ಹೇಳಿ."

"ಇಲ್ಲ ಸರ್."

"ನಿಮಗೆ ವಿಸ್ತರಣೆ ಸಿಕ್ಕಿರೋದು ಜಾಲದ ಕೆಲಸಕ್ಕೆ. ನದಿ ನೋಡೋ ಹುದ್ದೆಯಿಂದ ನೀವು ನಿವೃತ್ತರು. ಹಂಗೆಲ್ಲ ನದಿ ನೋಡೋ ಹಾಗಿಲ್ಲ."

"ಮತ್ತೆ ಮಟ್ಟ?"

"ನಿನ್ನೆಯಷ್ಟೇ ಅಂತ ತುಂಬಿಸಿ."

ಅಂದಿನಿಂದ ದಿನವೂ "ನಿನ್ನೆಯಷ್ಟೇ" ಎಂಬುದು ಮೇಡಂ ಬಾಯಿಂದ ಹೊರಟು, ಮಟ್ಟಣ್ಣನ ಎಡಗಿವಿ ದಾಟಿ, ಅವನ ಹೆಂಡತಿಯ ಹೆಬ್ಬೆರಳಿನ ಮೂಲಕ ಕೇಂದ್ರ ಕಚೇರಿಯನ್ನು ಸೇರಿತು. ಯಾವ ಏರಿಳಿತವೂ ಇಲ್ಲದೆ ಶಿಸ್ತಿನಿಂದ ವರ್ತಿಸುತ್ತಿರುವ ನದಿಗೆ ಕೇಂದ್ರ ಕಚೇರಿಯಿಂದ ಪ್ರಶಂಸಾಪತ್ರ ಬಂತು. ನದಿಗೆ ಟಪಾಲು ತಲುಪಿಸುವ ವ್ಯವಸ್ಥೆ ಇಲ್ಲದ್ದರಿಂದ ಸಾಹೇಬರು ಅದನ್ನು ತಮ್ಮ ಹಿಂದಿನ ಗೋಡೆಗೆ ತೂಗುಹಾಕಿಕೊಂಡರು.

ಹೊಸ ಹಾಸಿಗೆ ಮಾತ್ರ ಗೋಡೆಗೆ ಒರಗಿಕೊಂಡೇ ಇತ್ತು. ನದಿ ತಪ್ಪಿದರೂ ಬೆಳಿಗ್ಗೆ ಸ್ಟೂಲು ತಪ್ಪಲಿಲ್ಲ. ಕೊನೆಗೆ ಒಂದು ದಿನ, ಉತ್ತರ ತರಲು ಮನೆಗೆ ಹೋದ ಮಟ್ಟಣ್ಣ ಸುಮ್ಮನೆ ಒಂದು ಗಳಿಗೆ ಎಂದು ಹಾಸಿಗೆ ಬಿಚ್ಚಿ, ಒರಗಿ, ಸಂಜೆಗೆ ಎಚ್ಚರಗೊಂಡ. ಕಚೇರಿಗೆ ಓಡಿದರೆ ಯಾರೂ ಬೈಯಲಿಲ್ಲ.

"ಏನಾಯ್ತು?" ಎಂದರು ಸಾಹೇಬರು.

"ಸರ್ವರ್ ಡೌನ್ ಇತ್ತು ಸರ್," ಎಂದು ಅವನಿಗಿಂತ ಮೊದಲೇ ಮೇಡಂ ಹೇಳಿದರು. "ಆಗಾಗ ಆಗುತ್ತೆ. ನಾವೇನೂ ಮಾಡೋಕಾಗಲ್ಲ, ಕಾಯ್ಬೇಕು ಅಷ್ಟೇ."

ಸಾಹೇಬರಿಗೆ ಇದು ಸಮಂಜಸವೆನಿಸಿತು. ಸ್ಟೂಲಿನ ಮೇಲಿಡಲು ಒಂದು ಫಲಕ ಬರೆಸಿದರು: "ಸಂಪರ್ಕ ಸಾಧಿಸಲಾಗುತ್ತಿದೆ. ದಯವಿಟ್ಟು ಕಾಯಿರಿ." ಅಲ್ಲಿಂದ ಮುಂದೆ ಮಟ್ಟಣ್ಣನ ಬೆನ್ನಿಗೆ ಬಿಸಿಲು ಬೀಳತೊಡಗಿತು. ಹೆಂಡತಿ ಸುತ್ತಲೂ ಗುಡಿಸಲು ಕಲಿತಳು.

ಮೋಡ ಕವಿದು ಬಿಸಿಲೇ ಬೀಳದ ಒಂದು ಬೆಳಿಗ್ಗೆ ಕೆಳಗೆ ಬೀದಿಯಿಂದ ಮೇಡಂ ಕೂಗು ಕೇಳಿಸಿತು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ ನಿಂತಿದ್ದರು.

"ವಿಪಿಎನ್ ಅವ್ರೇ! ಆಫೀಸಿಗೆ ನೀರು ನುಗ್ಗಿದೆ! ಕೇಂದ್ರ ಕಚೇರಿಗೆ ತಿಳಿಸ್ಬೇಕಂತೆ!"

ಹೆಂಡತಿ ಕಿಟಕಿಯಿಂದ ಬಗ್ಗಿದಳು. "ಸರ್ವರ್ ಒಲೆ ಮುಂದಿದೆ. ವಿಪಿಎನ್ ಮಲಗಿದೆ. ಎಷ್ಟಿದೆ ನೀರು?"

"ಮೊಣಕಾಲಿಗಿದೆ!"

ಮಟ್ಟಣ್ಣ ಒಂದು ಕಣ್ಣು ತೆರೆದ. ಮೊಣಕಾಲು ಎಂದರೆ ಕಂಬದ ಮೇಲೆ ಎಷ್ಟು ಎಂಬ ಲೆಕ್ಕ ತಾನಾಗಿಯೇ ಅವನ ಬಾಯಿಗೆ ಬಂತು. ಬಂದದ್ದನ್ನು ನುಂಗಿಕೊಂಡ.

"ನದಿ ನನ್ನ ಆದೇಶದಲ್ಲಿಲ್ಲ ಅಂತ ಹೇಳು," ಎಂದು ಮಗ್ಗುಲಾದ.

ಮೇಡಂ ಹಿಂತಿರುಗಿ ಅದನ್ನೇ ವರದಿ ಮಾಡಿದರು. ಮೇಜಿನ ಮೇಲೆ ಕಾಲು ಮಡಚಿ ಕೂತಿದ್ದ ಸಾಹೇಬರು ಆದೇಶ ತೆಗೆದು ಇನ್ನೊಮ್ಮೆ ಓದಿ, ಹೌದು, ಅವರು ಹೇಳೋದು ಸರಿಯಾಗಿದೆ ಎಂದರು. ಸ್ಟೂಲು ತೇಲುತ್ತಾ ಬಾಗಿಲ ಕಡೆ ಹೊರಟಿತ್ತು. ಮೇಡಂ ಅದನ್ನು ಹಿಡಿದು ತಂದು ಕಂಪ್ಯೂಟರಿನ ಬಲಗಡೆ ನಿಲ್ಲಿಸಿ, ಫಲಕವನ್ನು ನೆಟ್ಟಗೆ ಇಟ್ಟು, ತಾವೂ ಮೇಜು ಹತ್ತಿದರು. ಇಬ್ಬರೂ ಕಾಯುತ್ತಾ ಕೂತರು.

"ಇವತ್ತಿನ ಮಟ್ಟ ಏನು ಕೊಡ್ಲಿ ಸರ್?"

ಸಾಹೇಬರು ಕಾಲನ್ನು ಇನ್ನಷ್ಟು ಮೇಲಕ್ಕೆಳೆದುಕೊಂಡರು.

"ನಿನ್ನೆಯಷ್ಟೇ."