ಮೀನುಹೇನುಗಳ ಪತಿ-ಪತ್ನಿ ಪ್ರಕರಣ

ಸಿಗಡಿಯ ದೂರದ ನೆಂಟನಾದ ಮೀನುಹೇನು ಮೀನಿನ ಮೈಗೆ ಅಂಟಿಕೊಂಡು ರಕ್ತ ಹೀರಿ ಬದುಕುತ್ತದೆ. ಗಂಡು ಹೇನು ಮಾತ್ರ ಆಗಾಗ ಊಟ ಬಿಟ್ಟು ನೀರಿಗಿಳಿದು, ಹೆಣ್ಣು ಸಿಗುವವರೆಗೂ ಮೀನಿನಿಂದ ಮೀನಿಗೆ ಅಲೆಯುತ್ತದೆ. ಮೀನುರೋಗ ಸಂಶೋಧನಾ ಕೇಂದ್ರದ ನಿಯಮಾವಳಿಯಲ್ಲಿ ಇದಕ್ಕೆ 'ಅನುಮತಿಯಿಲ್ಲದೆ ಕೇಂದ್ರಸ್ಥಾನ ತೊರೆಯುವುದು' ಎಂದು ಹೆಸರು.

ಈ ಅಶಿಸ್ತು ಬೆಳಕಿಗೆ ಬಂದದ್ದು ವಾರ್ಷಿಕ ಎಣಿಕೆಯಲ್ಲಿ. ನಾಲ್ಕನೇ ತೊಟ್ಟಿಯ ಹನ್ನೊಂದು ಗಂಡುಗಳು ಏಳನೇ ತೊಟ್ಟಿಯ ಹೆಣ್ಣುಗಳ ಪಕ್ಕದಲ್ಲಿ ಪತ್ತೆಯಾದವು. ನಡುವಿನ ಕೊಳವೆಗೆ ಜಾಲರಿ ಹಾಕಿಸಬಹುದಿತ್ತು. ಜಾಲರಿಗೆ ಟೆಂಡರ್ ಕರೆಯಬೇಕು, ಸುತ್ತೋಲೆಗೆ ಒಂದು ಹಾಳೆ ಸಾಕು. ಸೂಪರಿಂಟೆಂಡೆಂಟರು ಸುತ್ತೋಲೆ ಹೊರಡಿಸಿದರು: 'ಸಂಗಾತಿ ಬಯಸುವ ಗಂಡು ಹೇನು ಪತಿ-ಪತ್ನಿ ಪ್ರಕರಣದ ನಮೂನೆಯಲ್ಲಿ ವರ್ಗಾವಣೆ ಕೋರತಕ್ಕದ್ದು. ಅರ್ಜಿದಾರನಿಗೆ ಅಕ್ಷರ ಬಾರದಿದ್ದಲ್ಲಿ ತೊಟ್ಟಿಯ ಉಸ್ತುವಾರಿ ಸಹಾಯಕಿ ಬರೆದುಕೊಡತಕ್ಕದ್ದು.'

ಆ ಸಹಾಯಕಿಯನ್ನು ಕಚೇರಿಯವರೆಲ್ಲ ಹೇನಕ್ಕ ಎನ್ನುತ್ತಿದ್ದರು. ಪಾಪ, ಆ ನಮೂನೆ ಅವಳಿಗೆ ಬಾಯಿಪಾಠ. ಗಂಡ ಇನ್ನೂರು ಮೈಲಿಯಾಚೆಯ ಶಾಖೆಯಲ್ಲಿ, ಬಂದದ್ದನ್ನೆಲ್ಲ ದಾಖಲಿಸಿಕೊಳ್ಳುವ ಆವಕ ಗುಮಾಸ್ತ. ಅಲ್ಲಿಗೆ ವರ್ಗ ಕೇಳಿ ಏಳು ವರ್ಷದಿಂದ ಅವಳು ಅದನ್ನೇ ತುಂಬುತ್ತಿದ್ದಳು. ಹೇನುಗಳ ಅರ್ಜಿಯಾದರೋ ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನದ ಊಟದೊಳಗೆ ಮಂಜೂರು. ಅವಳ ಹೊಟ್ಟೆ ಉರಿಯದೇ ಇರುತ್ತದೆಯೇ? ಸೂಪರಿಂಟೆಂಡೆಂಟರ ಮುಂದೆ ಹೋಗಿ ಕೇಳಿಯೇಬಿಟ್ಟಳು:

"ಸಾರ್, ನಂದೂ ಅದೇ ಫಾರಂ. ನಂದ್ಯಾಕೆ ಆಗಲ್ಲ?"

"ಮೀನು ಬಿಟ್ಟು ಹೇನು ಎಷ್ಟು ದಿನ ಬದುಕುತ್ತೆ?"

"ಮೂರ್ನಾಲ್ಕು ದಿನ ಸಾರ್."

"ಗಂಡನ್ನ ಬಿಟ್ಟು ನೀವು?"

"ಏಳು ವರ್ಷ."

"ನೋಡಿ ಮತ್ತೆ. ಅರ್ಜೆಂಟಿಲ್ಲ ಅಂತ ನೀವೇ ಸಾಬೀತು ಮಾಡಿದ್ದೀರಲ್ಲಮ್ಮ."

ಹೇನಕ್ಕ ಹೊರಬಂದಳು. ಮಾರನೆಯ ದಿನ ಹೇನುಗಳ ಪಟ್ಟಿಯ ಕೊನೆಯಲ್ಲಿ ತನ್ನನ್ನೂ ಸೇರಿಸಿದಳು: 'ಹೆಣ್ಣು, ಒಂದು. ಸಂಗಾತಿ ಇರುವ ಸ್ಥಳ: ಶಾಖೆ.'

ಸೂಪರಿಂಟೆಂಡೆಂಟರು ಕನ್ನಡಕ ಸರಿಮಾಡಿಕೊಂಡರು. "ಇದೇನಮ್ಮ, ಹೆಣ್ಣೇ ಹುಡುಕ್ಕೊಂಡು ಹೋಗುತ್ತಾ?"

"ಹೊಸ ಜಾತಿ ಸಾರ್. ನಮ್ಮ ಕೇಂದ್ರದಲ್ಲೇ ಸಿಕ್ಕಿದ್ದು."

ಹೊಸ ಜಾತಿ ಎಂದ ಮೇಲೆ ಕೇಂದ್ರದ ಕೀರ್ತಿಯ ಪ್ರಶ್ನೆ. ಅವರು ಹಿಗ್ಗಿ ಅಲ್ಲೇ ಸಹಿ ಹಾಕಿದರು. ಷರತ್ತು ಒಂದೇ: ಸದರಿ ಹೇನನ್ನು ನೀರಿನಲ್ಲಿಟ್ಟು ರವಾನಿಸತಕ್ಕದ್ದು. ಹೇನಕ್ಕ ಇಲಾಖೆಯ ವ್ಯಾನಿನಲ್ಲಿ, ಬಕೆಟ್ಟಿನ ನೀರಿನೊಳಗೆ ಕಾಲಿಟ್ಟುಕೊಂಡು, ಇನ್ನೂರು ಮೈಲಿ ಕೂತು ಹೋದಳು.

ಶಾಖೆಯ ಬಾಗಿಲಲ್ಲಿ ಗಂಡ ರವಾನೆ ಪತ್ರವನ್ನೂ ಹೆಂಡತಿಯನ್ನೂ ಎರಡೆರಡು ಸಲ ನೋಡಿದ. ಅವನ ಕಣ್ಣು ತುಂಬಿ ಬಂತು. ಹತ್ತಿರ ಬಂದವನನ್ನು ಅವಳೇ ತಡೆದಳು.

"ಮೊದಲು ಎಂಟ್ರಿ ಮಾಡಿ. ಇಲ್ಲಾಂದ್ರೆ ವಾಪಸ್ ಕಳಿಸಿಬಿಡ್ತಾರೆ."

ಅವನು ಬರೆದ: 'ಮೀನುಹೇನು, ಹೆಣ್ಣು, ಒಂದು. ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ.'

ಹೇನುಗಳಿಗೆ ವಸತಿಗೃಹ ಕೊಡಲು ನಿಯಮವಿಲ್ಲದ ಕಾರಣ ದಂಪತಿಗೆ ಒಂಬತ್ತನೇ ತೊಟ್ಟಿ ಮಂಜೂರಾಯಿತು. ಗಂಡ ನೀರು ಬಸಿದು, ನೆಲ ಒರೆಸಿ, ಚಾಪೆ ಹಾಸಿದ. ಹೇನಕ್ಕ ಸೆರಗು ಸಿಕ್ಕಿಸಿಕೊಂಡು ಒಳಗಿಳಿದು ಸುತ್ತ ನೋಡಿದಳು.

"ಪರವಾಗಿಲ್ಲ ರೀ," ಎಂದಳು, "ಕ್ವಾರ್ಟರ್ಸಿಗಿಂತ ದೊಡ್ಡದಾಗೇ ಇದೆ."